ಮೊದಲು ತಿಂಗಳು, ಆಮೇಲೆ ತೀರ

ತಮಾ,

ನೀನು ಕಳಿಸಿದ ಫೋಟೊಗಳನ್ನೆಲ್ಲ ನೋಡಿದೆ. ಮಾಲ್ಡೀವ್ಸಿನ ನೀಲಿ ನೀರು, ಬಾಲಿ, ಥಾಯ್ಲೆಂಡು, ಅಂಡಮಾನು, ಕೊನೆಯಲ್ಲಿ ಮೊಳೆ ಹೊಡೆದ ಹಾಗೆ ನಮ್ಮ ಗೋಕರ್ಣದ ಓಂ ಬೀಚು. ಇದರಲ್ಲಿ ಯಾವುದು ಚಂದ ಹೇಳಿ ಅಜ್ಜಾ ಅಂತ ಕೇಳಿದ್ದೀಯ. ಎಲ್ಲವೂ ಚಂದವೇ. ಆದರೆ ಹಾಗೆ ಹೇಳಿದರೆ ನಿನ್ನ ಕೆಲಸ ಆಗುವುದಿಲ್ಲ. ರಜೆ ಯಾವ ತಿಂಗಳು, ಜೊತೆಗೆ ಬರುವವರು ಯಾರು, ಅವರಲ್ಲಿ ನೀರಿನ ಅಭ್ಯಾಸ ಇರುವವರು ಎಷ್ಟು, ಇಷ್ಟು ಗೊತ್ತಾಗಲಿ. ತೀರ ಯಾವುದು ಎಂಬುದು ಆಮೇಲೆ ತಾನೇ ತೀರ್ಮಾನವಾಗುತ್ತದೆ.

ತಿಂಗಳಿನಿಂದಲೇ ಶುರು ಮಾಡೋಣ. ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನಿನ ಸಂತಾನ ಉಳಿಯಲಿ ಎಂಬುದು ಅದರ ಒಂದು ಕಾರಣ, ಆ ಕಡಲಿಗೆ ದೋಣಿ ಇಳಿಸುವುದು ಅಪಾಯ ಎಂಬುದು ಇನ್ನೊಂದು. ಹುಟ್ಟಿನಿಂದ ಕಡಲು ಕಂಡವನೇ ಬೋಟು ಮೇಲೆಳೆದು ಕೂತ ದಿನಗಳಲ್ಲಿ ಬೆಂಗಳೂರಿನಿಂದ ಬಂದವನು ಮೊಣಕಾಲಿನ ತನಕ ಇಳಿಯುವುದಕ್ಕೆ ಧೈರ್ಯ ಅನ್ನುವುದಿಲ್ಲ. ಆಗಸ್ಟ್, ಸೆಪ್ಟೆಂಬರಿನಲ್ಲೂ ಕಡಲಿನ ಸಿಟ್ಟು ಪೂರ್ತಿ ಇಳಿದಿರುವುದಿಲ್ಲ. ಮೇ ತಿಂಗಳು ಮಕ್ಕಳ ರಜೆ ಅಂತ ಎಲ್ಲರೂ ಬರುತ್ತಾರೆ. ಸೆಕೆ ಒಂದು ಕಡೆ, ತಿಂಗಳು ಮುಗಿಯುವ ಮೊದಲೇ ಅಲೆ ಎದ್ದು ನಿಲ್ಲುವುದು ಇನ್ನೊಂದು ಕಡೆ. 2021ರ ಮೇ ನಡುವೆ ತೌಕ್ತೆ ಚಂಡಮಾರುತ ನಮ್ಮ ಉತ್ತರ ಕನ್ನಡ ಜಿಲ್ಲೆಯ ತೀರವನ್ನು ಏನು ಮಾಡಿತು ಎಂಬುದು ನಿನಗೂ ನೆನಪಿರಬೇಕು.

ಹಾಗಾದರೆ ಜುಲೈನಲ್ಲಿ ಮಾತ್ರ ರಜೆ ಸಿಗುವವನು ಏನು ಮಾಡಬೇಕು? ಇಲ್ಲಿ ದೂರದ ಊರುಗಳು ಉಪಯೋಗಕ್ಕೆ ಬರುತ್ತವೆ. ನಮಗೆ ಮಳೆ ಹೊಡೆಯುವಾಗ ಬಾಲಿಯಲ್ಲಿ ಒಣಹವೆ. ಅಲ್ಲಿಯ ಮಳೆಗಾಲ ನವೆಂಬರಿನಿಂದ ಮಾರ್ಚ್ ತನಕ. ಅಷ್ಟು ದೂರ ಬೇಡ ಅಂದರೆ ಶ್ರೀಲಂಕೆ ನೋಡು. ಒಂದೇ ದ್ವೀಪದಲ್ಲಿ ಎರಡು ಲೆಕ್ಕ: ಪಶ್ಚಿಮ ಮತ್ತು ದಕ್ಷಿಣದ ತೀರ ಡಿಸೆಂಬರಿನಿಂದ ಮಾರ್ಚ್ ತನಕ ಒಳ್ಳೆಯದು, ಪೂರ್ವದ ತ್ರಿಂಕೋಮಲಿ ಮೇಯಿಂದ ಸೆಪ್ಟೆಂಬರ್ ತನಕ. ಥಾಯ್ಲೆಂಡಿನಲ್ಲೂ ಹೀಗೇ. ಪುಕೆಟ್ಟಿಗೆ ನಮ್ಮ ಹಾಗೆಯೇ ನೈಋತ್ಯದ ಮಳೆ. ಆಚೆ ಕೊಲ್ಲಿಯ ಕೊಹ್ ಸಮೂಯಿಗೆ ಮಳೆ ಜೋರಾಗುವುದು ಅಕ್ಟೋಬರಿನಿಂದ ಡಿಸೆಂಬರಿಗೆ. ಮಾಲ್ಡೀವ್ಸ್, ಲಕ್ಷದ್ವೀಪ, ಅಂಡಮಾನಿಗೆ ಹೋಗುವುದಿದ್ದರೆ ಡಿಸೆಂಬರಿನಿಂದ ಏಪ್ರಿಲ್ ಒಳಗೆ ಮುಗಿಸಿಬಿಡು. ಮಳೆಗಾಲದಲ್ಲಿ ಅಲ್ಲಿಯ ರೂಮಿನ ಬಾಡಿಗೆ ಇಳಿದಿರುತ್ತದೆ. ಅದನ್ನು ಕಂಡು ಖುಷಿಯಾಗಿ ಹೊರಟವರು ನಾಲ್ಕು ದಿನ ಕಿಟಕಿಯಿಂದ ಮಳೆ ನೋಡಿ ಬರುತ್ತಾರೆ. ಮಳೆ ನೋಡಲು ಯಲ್ಲಾಪುರದ ಮನೆಯ ಜಗುಲಿ ಸಾಕು, ಪಾಸ್‌ಪೋರ್ಟು ಬೇಡ.

ಇನ್ನು ನೀಲಿಯ ವಿಷಯ. ಫೋಟೊದಲ್ಲಿರುವಂಥ ನೀಲಿ ಕುಮಟಾದಲ್ಲಿ ಯಾಕಿಲ್ಲ ಎಂದು ನಿನ್ನ ಹೆಂಡತಿ ಕೇಳಿದ್ದಳಂತೆ. ಒಳ್ಳೆಯ ಪ್ರಶ್ನೆ. ಮಾಲ್ಡೀವ್ಸಿನಲ್ಲಿ ಹೊಳೆಯೇ ಇಲ್ಲ. ಗುಡ್ಡವೂ ಇಲ್ಲ, ಆ ದೇಶದ ಅತಿ ಎತ್ತರದ ಸಹಜ ನೆಲ ಎರಡೂವರೆ ಮೀಟರಿಗಿಂತ ಕಡಿಮೆ. ಮಣ್ಣು ತಂದು ಸುರಿಯುವವರು ಯಾರೂ ಇಲ್ಲದ ಕಾರಣ ನೀರು ತಿಳಿ, ನೀರು ತಿಳಿ ಇರುವ ಕಾರಣ ಬಿಸಿಲು ತಳಕ್ಕೆ ಇಳಿದು ಹವಳ ಬೆಳೆಯುತ್ತದೆ. ಅಲ್ಲಿಯ ಬಿಳಿ ಮರಳು ಅಂದರೆ ಹವಳದ ಪುಡಿ. ಅದರಲ್ಲಿ ಒಂದು ಪಾಲು ಹವಳ ಕೆರೆದು ತಿನ್ನುವ ಮೀನುಗಳ ಹೊಟ್ಟೆಯಿಂದ ಹೊರಬಂದದ್ದು. ಆ ಮರಳಿನ ಮೇಲೆ ಮಲಗಿ ಫೋಟೊ ತೆಗೆಸಿಕೊಳ್ಳುವ ಹೊಸ ಮದುವೆಯವರಿಗೆ ಇದನ್ನು ಹೇಳಲು ಹೋಗಬೇಡ.

ನಮ್ಮ ಕಡಲಿನ ಬಣ್ಣವನ್ನು ಮಾಡುವವರು ನಾವೇ, ಘಟ್ಟದ ಮೇಲಿನವರು. ಶಿರಸಿ ಪೇಟೆಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿ ಸಿದ್ದಾಪುರ ತಾಲೂಕಿನಲ್ಲಿ ಉಂಚಳ್ಳಿ ಜಲಪಾತವಾಗಿ 116 ಮೀಟರ್ ಧುಮುಕಿ ತದಡಿಯ ಹತ್ತಿರ ಕಡಲು ಸೇರುತ್ತದೆ. ಸಹಸ್ರಲಿಂಗದ ಮೇಲೆ ಹರಿಯುವ ಶಾಲ್ಮಲೆ, ಯಲ್ಲಾಪುರದ ಮಾಗೋಡಿನಲ್ಲಿ ಧುಮುಕುವ ಬೇಡ್ತಿಯನ್ನು ಸೇರಿ, ಗಂಗಾವಳಿ ಅನ್ನಿಸಿಕೊಂಡು ಅಂಕೋಲಾ, ಗೋಕರ್ಣಗಳ ನಡುವೆ ಕಡಲಿಗೆ ಇಳಿಯುತ್ತದೆ. ಜೋಗದ ಶರಾವತಿ ಹೊನ್ನಾವರಕ್ಕೆ, ಕಾಳಿ ಕಾರವಾರಕ್ಕೆ. ನಿನ್ನಪ್ಪ ತೋಟಕ್ಕೆ ಹಾಕಿಸಿದ ಮಣ್ಣಿನಲ್ಲಿ ಮಳೆಗೆ ತೊಳೆದುಹೋದ ಪಾಲು ಎಲ್ಲಿಗೆ ಹೋಯಿತು ಅಂದುಕೊಂಡೆ? ಹೊಳೆ ತಂದ ಆ ಮಣ್ಣಿನಿಂದಲೇ ಅಳಿವೆಯಲ್ಲಿ ಕಾಂಡ್ಲಾ ಗಿಡ ಬೆಳೆಯುತ್ತದೆ, ಸಿಗಡಿ ಮರಿ ದೊಡ್ಡದಾಗುತ್ತದೆ, ಹೆಂಗಸರು ಇಳಿತದ ಹೊತ್ತಿಗೆ ಬಳಚು ಆರಿಸುತ್ತಾರೆ, ಉಪ್ಪುನೀರಿಗೆ ಹೆದರದ ಕಗ್ಗ ಭತ್ತ ಗಜನಿ ಗದ್ದೆಯಲ್ಲಿ ನಿಲ್ಲುತ್ತದೆ. ಅಣೆಕಟ್ಟು ಕಾಣದೆ ಹರಿಯುವ ಹೊಳೆ ಅಘನಾಶಿನಿ. ಅದರ ಅಳಿವೆಗೆ 2024ರಲ್ಲಿ ಜೌಗುನೆಲಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ನೀಲಿ ನೀರೇ ಬೇಕು ಅಂದರೆ ಮಾಲ್ಡೀವ್ಸಿಗೋ ಲಕ್ಷದ್ವೀಪಕ್ಕೋ ಹೋಗು, ತಪ್ಪೇನಿಲ್ಲ. ಲಕ್ಷದ್ವೀಪಕ್ಕೆ ಪರವಾನಿಗೆ ಬೇಕು, ಮೊದಲೇ ಮಾಡಿಸಿಕೊ. ಆದರೆ ಆ ನೀಲಿಯನ್ನು ತಲೆಯಲ್ಲಿಟ್ಟುಕೊಂಡು ಕುಮಟಾಕ್ಕೆ ಬಂದು ಮುಖ ಸಪ್ಪಗೆ ಮಾಡಬೇಡ. ಇಲ್ಲಿಯೇ ಸ್ವಲ್ಪ ತಿಳಿನೀರು ನೋಡಬೇಕಾದರೆ ಮುರುಡೇಶ್ವರದಿಂದ ಬೋಟಿನಲ್ಲಿ ನೇತ್ರಾಣಿ ದ್ವೀಪದ ಕಡೆ ಹೋಗಬಹುದು. ಹೊಳೆಗಳ ಮಣ್ಣು ಅಷ್ಟು ದೂರ ಮುಟ್ಟುವುದು ಕಡಿಮೆ. ಅಲ್ಲಿ ಹವಳವೂ ಇದೆ, ನೀರಿನೊಳಗೆ ಇಳಿಸಿ ತೋರಿಸುವವರೂ ಇದ್ದಾರೆ.

ಶಿರಸಿ, ಸಿದ್ದಾಪುರ, ಯಲ್ಲಾಪುರ, ನಮ್ಮ ಈ ಮೂರು ತಾಲೂಕಿನವರಿಗೆ ಒಂದು ಭಾಗ್ಯವಿದೆ: ಒಬ್ಬೊಬ್ಬರಿಗೆ ಒಂದೊಂದು ಘಟ್ಟ, ಆ ಘಟ್ಟದ ಬುಡದಲ್ಲಿ ಬೇರೆ ಬೇರೆ ಗುಣದ ಕಡಲು. ಶಿರಸಿಯಿಂದ ದೇವಿಮನೆ ಘಟ್ಟ ಇಳಿದರೆ 60 ಕಿಲೋಮೀಟರಿನ ಆಸುಪಾಸಿನಲ್ಲಿ ಕುಮಟಾ. ಅಲ್ಲಿಂದ ಎಲ್ಲರೂ ಗೋಕರ್ಣದ ಕಡೆ ತಿರುಗುತ್ತಾರೆ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್, ಇವೆಲ್ಲ ಗುಡ್ಡದ ಮೂತಿಗಳ ನಡುವೆ ಸಿಕ್ಕ ಪುಟ್ಟ ಪುಟ್ಟ ತೀರಗಳು, ನೋಡಲು ನಿಜಕ್ಕೂ ಚಂದ. ಆದರೆ ಡಿಸೆಂಬರಿನ ಕೊನೆಯ ವಾರ ಅಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಸೂರ್ಯ ಮುಳುಗಿರುತ್ತಾನೆ. ನನ್ನ ಮಾತು ಕೇಳುವುದಾದರೆ ಗೋಕರ್ಣಕ್ಕೆ ಮಹಾಬಲೇಶ್ವರನ ದರ್ಶನಕ್ಕೆಂದು ಹೋಗು, ಕಡಲಿಗೆ ಬಾಡಕ್ಕೋ ವನ್ನಳ್ಳಿಗೋ ಧಾರೇಶ್ವರಕ್ಕೋ ಬಾ. ಹೆಸರು ಮಾಡದ ತೀರಗಳು. ಮೀನುಗಾರರು ಬಲೆ ಬಿಡಿಸುತ್ತ ಕೂತಿರುತ್ತಾರೆ, ನೀನು ಕೂತರೆ ಯಾರೂ ಏಳಿಸುವುದಿಲ್ಲ. ತದಡಿಯಿಂದ ಅಘನಾಶಿನಿ ಊರಿಗೆ ದೋಣಿಯಲ್ಲಿ ದಾಟುವುದನ್ನು ಮಾತ್ರ ತಪ್ಪಿಸಬೇಡ.

ಸಿದ್ದಾಪುರದವರು ದೊಡ್ಮನೆ ಘಟ್ಟದಿಂದ ಕುಮಟಾಕ್ಕೂ ಇಳಿಯಬಹುದು, ಮಾವಿನಗುಂಡಿ ದಾಟಿ ಗೇರುಸೊಪ್ಪೆಯ ಮೇಲೆ ಹೊನ್ನಾವರಕ್ಕೂ ಹೋಗಬಹುದು. ಅಜ್ಜಿಯನ್ನು ಕರೆದುಕೊಂಡು ಹೋಗುವ ಮನಸ್ಸಿದ್ದರೆ ಈ ಎರಡನೆಯ ದಾರಿಯೇ ಸರಿ. ಹೊನ್ನಾವರದ ಕಾಸರಕೋಡು ತೀರಕ್ಕೆ 2020ರಲ್ಲಿ ಪಡುಬಿದ್ರಿಯ ಜೊತೆಯಲ್ಲಿ ನೀಲಿ ಬಾವುಟದ ಮಾನ್ಯತೆ ಬಂತು. ಅದಕ್ಕೆ 33 ಮಾನದಂಡ: ನೀರಿನ ಪರೀಕ್ಷೆ, ಶೌಚಾಲಯ, ಜೀವರಕ್ಷಕರು, ಗಾಲಿಕುರ್ಚಿಯವರಿಗೂ ಹೋಗಲು ಬರುವ ದಾರಿ. ಮಂಡಿನೋವಿನವರಿಗೆ ಓಂ ಬೀಚಿನ ಮೆಟ್ಟಿಲು ಶಿಕ್ಷೆ. ಇಲ್ಲಿ ಮಟ್ಟಸ ನೆಲ, ಗಾಳಿಮರದ ನೆರಳು. ಬಾವುಟ ಇಲ್ಲದ ತೀರವೆಲ್ಲ ಕೊಳಕು ಅಂತಲ್ಲ. ವಯಸ್ಸಾದವರು, ಹೆಂಗಸರು, ಕೂಸುಗಳು ಜೊತೆಗಿದ್ದಾಗ ಶೌಚಾಲಯ ಎಲ್ಲಿದೆ ಎಂಬುದು ಸೂರ್ಯಾಸ್ತ ಎಲ್ಲಿದೆ ಎಂಬುದಕ್ಕಿಂತ ಮುಖ್ಯವಾಗುತ್ತದೆ, ಅಷ್ಟೇ. ಅದೇ ಕಾಸರಕೋಡಿನ ಟೊಂಕದ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ. ಅಲ್ಲಿ ಖಾಸಗಿ ಬಂದರು ಬೇಡ ಎಂದು ಮೀನುಗಾರರು ವರ್ಷಗಟ್ಟಲೆ ಹೋರಾಡಿದ್ದಾರೆ. ಚಳಿಗಾಲದಲ್ಲಿ ಹೋದರೆ ಬೇಲಿ ಕಟ್ಟಿದ ಜಾಗದ ಹತ್ತಿರ ಟಾರ್ಚು ಬೀಸಿಕೊಂಡು ತಿರುಗಬೇಡ.

ಯಲ್ಲಾಪುರದವರದ್ದು ಅರಬೈಲ್ ಘಟ್ಟ. ಹೆದ್ದಾರಿಯಾದ ಕಾರಣ ದೊಡ್ಡ ಲಾರಿಗಳದ್ದೇ ರಾಜ್ಯ. 2025ರ ಜನವರಿಯಲ್ಲಿ ಬೆಳಗಾಗುವ ಮೊದಲೇ ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ತರಕಾರಿ ಲಾರಿ ಗುಳ್ಳಾಪುರದ ಹತ್ತಿರ ಕಮರಿಗೆ ಉರುಳಿ ಹತ್ತು ಮಂದಿ ಹೋದರು. ರಾತ್ರಿ ಹೊರಟು ಬೆಳಿಗ್ಗೆ ಕಡಲು ನೋಡುತ್ತೇನೆ ಎಂಬ ನಿಮ್ಮ ಬೆಂಗಳೂರಿನ ಲೆಕ್ಕ ಘಟ್ಟದ ದಾರಿಗೆ ಬೇಡ. ಹಗಲು ಇಳಿ, ಹಗಲು ಹತ್ತು. ಮಳೆಗಾಲದಲ್ಲಿ ದಾರಿ ತೆರೆದಿದೆಯೇ ಎಂದು ಒಂದು ಫೋನು ಮಾಡಿ ಕೇಳು. ದೇವಿಮನೆಯಲ್ಲಿ ಸಂಚಾರ ನಿಲ್ಲಿಸಿದ್ದುಂಟು, 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಬಂದದ್ದುಂಟು. ಬೆಂಗಳೂರಿನಿಂದ ನೇರ ಕರಾವಳಿಗೇ ಬರುವುದಾದರೆ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ರಾತ್ರಿ ಮಲಗಿದರೆ ಬೆಳಿಗ್ಗೆ ಹೊನ್ನಾವರ, ಕುಮಟಾ, ಗೋಕರ್ಣ ರೋಡ್, ಅಂಕೋಲಾ ಒಂದಾದ ಮೇಲೊಂದು ಬರುತ್ತವೆ.

ಅರಬೈಲ್ ಇಳಿದವರಿಗೆ ಅಂಕೋಲಾ, ಆಮೇಲೆ ಕಾರವಾರ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಊರು ಅಂಕೋಲಾ. ನಿನ್ನ ಕೂಸಿಗೆ ಹೇಳಲು ಒಂದು ಕಥೆಯಾಯಿತು. ಕಾರವಾರದಲ್ಲಿ ಅಣ್ಣ ಸತ್ಯೇಂದ್ರನಾಥರು ನ್ಯಾಯಾಧೀಶರಾಗಿದ್ದಾಗ ಯುವಕ ರವೀಂದ್ರನಾಥ ಟ್ಯಾಗೋರರು ಬಂದು ಉಳಿದಿದ್ದರು, ಒಂದು ನಾಟಕವನ್ನೂ ಬರೆದರು. ಆ ಕಡಲತೀರಕ್ಕೆ ಈಗ ಅವರದ್ದೇ ಹೆಸರು. ಮಾಜಾಳಿಯ ಆಚೆ ಗುಡ್ಡ ಹತ್ತಿ ಇಳಿದರೆ ತಿಳಮಾತಿ ಇದೆ, ಎಳ್ಳಿನಂಥ ಕಪ್ಪು ಮರಳಿನ ಪುಟ್ಟ ತೀರ. ನಡೆಯಬಲ್ಲವರಿಗೆ ಮಾತ್ರ. ಅರ್ಗಾ, ಬಿಣಗಾ ಕಡೆಯ ಚಂದದ ತೀರಗಳು ನೌಕಾನೆಲೆಗೆ ಹೋದವು. ಆ ಊರಿನವರು ಮನೆಮಠ ಬಿಟ್ಟು ಬಂದರು. ಬೇಲಿಯ ಆಚೆಗೆ ಕ್ಯಾಮೆರಾ ತಿರುಗಿಸುವ ಮೊದಲು ಎರಡು ಸಲ ಯೋಚಿಸು.

ಈಗ ನಾನು ಒತ್ತಿ ಹೇಳಬೇಕಾದ ಮಾತು. ನೀನು ಈಜು ಕಲಿತದ್ದು ನಮ್ಮ ಹೊಳೆಯ ಗುಂಡಿಯಲ್ಲಿ. ಹೊಳೆ ಒಂದೇ ಕಡೆ ಎಳೆಯುತ್ತದೆ, ದಡ ಎರಡೂ ಕಾಣುತ್ತವೆ. ಕಡಲು ಹಾಗಲ್ಲ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಕ್ಕೆ ಹೋಗಲೇಬೇಕು. ಅದು ಮರಳಿನಲ್ಲಿ ತಗ್ಗು ಹುಡುಕಿ ಕಾಲುವೆ ಮಾಡಿಕೊಂಡು ಒಳಗೆ ಓಡುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದಿಲ್ಲ. ಮೇಲಿನಿಂದ ನೋಡಿದರೆ ಅಕ್ಕಪಕ್ಕಕ್ಕಿಂತ ಅಲ್ಲಿಯೇ ನೀರು ಶಾಂತವಾಗಿ ಕಾಣುತ್ತದೆ, ಹಾಗಾಗಿ ಈಜು ಬಾರದವರು ಅಲ್ಲಿಗೇ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕವನು ದಡಕ್ಕೆ ನೇರವಾಗಿ ಈಜಿದರೆ ಎಷ್ಟು ಗಟ್ಟಿಗನಾದರೂ ಸುಸ್ತಾಗುತ್ತಾನೆ. ಗಾಬರಿಯಾಗದೆ ತೇಲಬೇಕು, ದಡಕ್ಕೆ ಸಮನಾಗಿ ಪಕ್ಕಕ್ಕೆ ಸರಿಯಬೇಕು, ಸೆಳೆತ ಬಿಟ್ಟ ಮೇಲೆ ಅಲೆಯ ಜೊತೆ ದಡಕ್ಕೆ ತಿರುಗಬೇಕು. ಅಳಿವೆಯ ಬಾಯಲ್ಲಿ ಸ್ನಾನ ಬೇಡವೇ ಬೇಡ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ಹುಡುಗಿಯರು ನೀರುಪಾಲಾದರು. ಮಳೆಗಾಲ ಮುಗಿದಿತ್ತು ಎಂಬುದನ್ನು ಗಮನಿಸು. ಜೀವರಕ್ಷಕ ಸೀಟಿ ಊದಿದರೆ ಅವನ ಜೊತೆ ವಾದಕ್ಕೆ ನಿಲ್ಲಬೇಡ. ಅವನು ಇಲ್ಲದ ತೀರದಲ್ಲಿ ಬಲೆ ಎಳೆಯುವವರನ್ನು ಕೇಳು. 'ಇಲ್ಲಿ ಬ್ಯಾಡ' ಅಂದರೆ ಅದರ ಮೇಲೆ ಅಪೀಲು ಇಲ್ಲ.

ಕೂಸನ್ನು ನೀರಿಗೆ ಇಳಿಸಲೇಬೇಕೆಂಬ ಆಸೆ ಇದ್ದರೆ ಹವಳದ ದಂಡೆ ಅಲೆಯನ್ನು ಹೊರಗೇ ತಡೆಯುವ ದ್ವೀಪಗಳೇ ಸರಿ. ಖರ್ಚು ಮಾಡಿ ಲಕ್ಷದ್ವೀಪಕ್ಕೆ ಹೋಗಲು ನನ್ನ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಕಾರಣ ಇಲ್ಲ. ನೀಲಿ ಬಣ್ಣ ಎರಡನೆಯದು.

ಪಂಚಾಂಗ ಹಳೆಯ ಕಾಲದ್ದು ಅಂತ ನಗುತ್ತೀಯಲ್ಲ, ಕಡಲಿಗೆ ಹೋಗುವವನಿಗೆ ಅದರಷ್ಟು ಉಪಯೋಗದ ಪುಸ್ತಕ ಇಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಭರತವೂ ಜೋರು, ಇಳಿತವೂ ಜೋರು. ಅಷ್ಟಮಿಯ ಸುಮಾರಿಗೆ ಎರಡೂ ಮಂದ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ, ಒಂದು ದಿನಕ್ಕಿಂತ ಮರುದಿನ ಸುಮಾರು 50 ನಿಮಿಷ ತಡ. ಓಂ ಬೀಚಿನಿಂದ ಆಚೆಗೆ ಬಂಡೆಗಳ ಬುಡದಲ್ಲಿ ನಡೆಯುವ ಆಸೆ ಇದ್ದರೆ ಇಳಿತದ ಹೊತ್ತು ನೋಡಿಕೊಂಡು ಹೊರಡು. ಹೋಗುವಾಗ ಇದ್ದ ದಾರಿ ಬರುವಾಗ ಇರುವುದಿಲ್ಲ. ಬಂಡೆಯ ತುದಿಗೆ ನಿಂತು ಅಲೆಗೆ ಬೆನ್ನು ಕೊಟ್ಟು ಫೋಟೊ ತೆಗೆಸಿಕೊಳ್ಳುವುದನ್ನು ನಿನ್ನ ಗೆಳೆಯರಿಗೂ ಬೇಡ ಅನ್ನು.

ಉಳಿಯುವ ಜಾಗದ ಬಗ್ಗೆ ಹೆಚ್ಚು ಹೇಳಲಾರೆ, ನಿನ್ನ ಕಿಸೆ ನಿನಗೆ ಗೊತ್ತು. ಊರಿನವರೇ ನಡೆಸುವ ಮನೆಯಲ್ಲಿ ಉಳಿದರೆ ದುಡ್ಡು ಊರಿನಲ್ಲೇ ಉಳಿಯುತ್ತದೆ, ಬೆಳಿಗ್ಗೆ ಬಂದ ಮೀನು ಯಾವುದು, ಕಡಲು ಇವತ್ತು ಹೇಗಿದೆ ಎಂಬುದೂ ಕೇಳದೆ ತಿಳಿಯುತ್ತದೆ. ನಾವು ಮೀನು ತಿನ್ನದವರು ಅಂತ ಅವರ ಅಂಗಳದಲ್ಲಿ ಮೂಗು ಮುಚ್ಚಿಕೊಳ್ಳುವ ಚಾಳಿ ನಮ್ಮ ಕಡೆಯ ಕೆಲವರಿಗಿದೆ. ಅದನ್ನು ಘಟ್ಟದ ಮೇಲೆಯೇ ಬಿಟ್ಟು ಹೋಗು.

ಈ ಸಲ ನನಗೆ ಸರಿ ಕಾಣುವುದು ಸಂಕ್ರಾಂತಿ ಕಳೆದು ಶಿವರಾತ್ರಿಯ ಒಳಗಿನ ದಿನಗಳು. ಅಡಿಕೆಯ ಕೊನೆ ಕೊಯ್ಲು ಮುಗಿದಿದ್ದರೆ ನಿನ್ನಪ್ಪನೂ ಬರುವಂತಾಗುತ್ತದೆ. ಶಿವರಾತ್ರಿಗೆ ಗೋಕರ್ಣದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮಾರಿಕಾಂಬೆ ಜಾತ್ರೆಯ ವರ್ಷವಾದರೆ ಶಿವರಾತ್ರಿಯ ನಂತರ ಶಿರಸಿಯ ದಾರಿಗಳೂ ಅಷ್ಟೇ. ಎರಡು ದಿನ ಹೊನ್ನಾವರ, ಒಂದು ದಿನ ಬಾಡ. ದೊಡ್ಡ ಪ್ರವಾಸವನ್ನು ನೀವಿಬ್ಬರೇ ಮಾಡುವುದಾದರೆ ಬೇರೆ ಮಾತು. ಟಿಕೇಟು ಮಾಡುವ ಮೊದಲು ತಾರೀಖು ಕಳಿಸು, ತಿಥಿ ನೋಡಿ ಹೇಳುತ್ತೇನೆ. ಅಜ್ಜಿಗೆ ಕೆಳಗಿನ ಮಹಡಿಯ ರೂಮೇ ಆಗಬೇಕು, ಅದನ್ನು ಮರೆಯಬೇಡ.