ಒಳರಸ್ತೆಗಳ ಸುರಕ್ಷತೆ: ನಗರಾಡಳಿತದ ಹೊಣೆ, ವರ್ತಕರ ಪಾತ್ರ

ರಸ್ತೆ ಅಪಘಾತವೆಂದೊಡನೆ ಹೆದ್ದಾರಿಗಳು ನೆನಪಿಗೆ ಬರುವುದು ಸಹಜ. ಆದರೆ ಅಂಗಡಿ, ಗೋದಾಮು, ಕಾರ್ಯಾಗಾರಗಳಲ್ಲಿ ಬಹುಪಾಲು ಇರುವುದು ನಗರದ ಒಳರಸ್ತೆಗಳಲ್ಲಿ. ಗ್ರಾಹಕರು, ಕಾರ್ಮಿಕರು, ಶಾಲಾ ಮಕ್ಕಳು ನಡೆದಾಡುವುದೂ ಅಲ್ಲಿಯೇ. ಕೇಂದ್ರ ಸರ್ಕಾರದ ಅಂಕಿ-ಅಂಶಗಳಂತೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ ಮೃತಪಟ್ಟವರು 1,68,491 ಮಂದಿ. ಇವರಲ್ಲಿ 32,825 ಮಂದಿ, ಅಂದರೆ ಐವರಲ್ಲಿ ಸುಮಾರು ಒಬ್ಬರು, ಪಾದಚಾರಿಗಳು.

ವೇಗದ ಲೆಕ್ಕಾಚಾರ

ಗಂಟೆಗೆ 50 ಕಿ.ಮೀ. ವೇಗದ ವಾಹನವು ಸೆಕೆಂಡಿಗೆ ಸುಮಾರು 14 ಮೀಟರ್ ಕ್ರಮಿಸುತ್ತದೆ, 30 ಕಿ.ಮೀ. ವೇಗದ ವಾಹನ ಸುಮಾರು 8 ಮೀಟರ್. ಅಪಾಯವನ್ನು ಕಂಡು ಬ್ರೇಕ್ ಒತ್ತಲು ಚಾಲಕನಿಗೆ ಒಂದು ಸೆಕೆಂಡ್ ಬೇಕೆಂದು ಭಾವಿಸಿದರೆ, 15 ಮೀಟರ್ ಮುಂದೆ ರಸ್ತೆಗಿಳಿದ ಮಗುವನ್ನು ಮುಟ್ಟುವ ಮೊದಲೇ, ಒಣ ರಸ್ತೆಯಲ್ಲಿ, 30 ಕಿ.ಮೀ. ವೇಗದ ಕಾರು ನಿಲ್ಲಬಲ್ಲದು. 50 ಕಿ.ಮೀ. ವೇಗದ ಕಾರಿಗೆ ಆಗಷ್ಟೇ ಬ್ರೇಕ್ ಬಿದ್ದಿರುತ್ತದೆ. ಅದರ ಚಲನಶಕ್ತಿಯೂ ಸುಮಾರು 2.8 ಪಟ್ಟು ಹೆಚ್ಚು.

ಕಾನೂನಿನ ಅವಕಾಶ

ಮೋಟಾರು ವಾಹನಗಳ ಅಧಿನಿಯಮ, 1988ರ 112(2)ನೇ ಪ್ರಕರಣದಂತೆ ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ನೀಡಿದ ಪ್ರಾಧಿಕಾರವು ಸಾರ್ವಜನಿಕ ಸುರಕ್ಷತೆಯ ದೃಷ್ಟಿಯಿಂದ ನಿರ್ದಿಷ್ಟ ರಸ್ತೆಗೆ ವೇಗಮಿತಿ ಗೊತ್ತುಪಡಿಸಬಹುದು. 2019ರ ತಿದ್ದುಪಡಿಯಿಂದ ಸೇರ್ಪಡೆಯಾದ 198ಎ ಪ್ರಕರಣದ ಮೇರೆಗೆ, ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದಲ್ಲಿ ಹೊಣೆಗಾರ ಪ್ರಾಧಿಕಾರ, ಗುತ್ತಿಗೆದಾರರು ಮೊದಲಾದವರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡವುಂಟು.

ವಿನ್ಯಾಸದ ಕ್ರಮಗಳು

ಫಲಕ ನೆಟ್ಟ ಮಾತ್ರಕ್ಕೆ ವೇಗ ತಗ್ಗದು. ರಸ್ತೆಯ ರಚನೆಯೇ ಚಾಲಕನನ್ನು ನಿಧಾನಗೊಳಿಸಬೇಕು.

1. ರಸ್ತೆ ಉಬ್ಬು: ಭಾರತೀಯ ರಸ್ತೆ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿಯಂತೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರದ ಉಬ್ಬನ್ನು ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಬಹುದು. ಮನಬಂದಂತೆ ಹಾಕಿದ ಚೂಪು ಉಬ್ಬುಗಳು ಸರಕಿಗೂ ಸವಾರನಿಗೂ ಅಪಾಯಕಾರಿ.

2. ಪಾದಚಾರಿ ಮಾರ್ಗ: ಇದೇ ಸಂಸ್ಥೆಯ 2012ರ ಮಾರ್ಗಸೂಚಿಯು ಕನಿಷ್ಠ 1.8 ಮೀಟರ್ ಅಗಲವು ತಡೆಯಿಲ್ಲದೆ ಇರಬೇಕೆನ್ನುತ್ತದೆ.

3. ತಿರುವುಗಳನ್ನು ಕಿರಿದುಗೊಳಿಸಿ, ಜೀಬ್ರಾ ದಾಟುಗಳನ್ನು ಪಾದಚಾರಿ ಮಾರ್ಗದ ಮಟ್ಟಕ್ಕೆ ಎತ್ತರಿಸುವುದು.

ಒಳರಸ್ತೆಗಳಲ್ಲಿ ವ್ಯಾಪಕವಾಗಿ 30 ಕಿ.ಮೀ. ಮಿತಿಯನ್ನು ಅಳವಡಿಸಿ, ರಸ್ತೆಗಳ ವಿನ್ಯಾಸವನ್ನೂ ಸುಧಾರಿಸಿದ ಫಿನ್ಲೆಂಡಿನ ಹೆಲ್ಸಿಂಕಿ ನಗರದಲ್ಲಿ 2019ರಲ್ಲಿ ಒಬ್ಬ ಪಾದಚಾರಿಯೂ ಅಪಘಾತದಲ್ಲಿ ಸಾಯಲಿಲ್ಲ.

ವರ್ತಕರ ಪಾತ್ರ

ವಾಹನ ನಿಲುಗಡೆಗೆ ಜಾಗ ತಪ್ಪಿದರೆ ವ್ಯಾಪಾರ ಕುಗ್ಗೀತೆಂಬ ಆತಂಕ ವರ್ತಕರಲ್ಲಿದೆ. ಅದನ್ನು ತಳ್ಳಿಹಾಕಲಾಗದು. ಸರಕು ಇಳಿಸಲು ನಿಗದಿತ ಸ್ಥಳ ಮತ್ತು ವೇಳೆಯನ್ನು ಕೇಳಿ ಪಡೆಯುವುದು ಅದಕ್ಕೆ ಪರಿಹಾರ. ಆದರೆ ಪಾದಚಾರಿ ಮಾರ್ಗದಲ್ಲಿ ಮೂಟೆ, ಪೆಟ್ಟಿಗೆ, ನಾಮಫಲಕಗಳನ್ನಿಟ್ಟರೆ ಗ್ರಾಹಕನೇ ವಾಹನಗಳ ನಡುವೆ ಇಳಿಯಬೇಕಾಗುತ್ತದೆ. ಆದ್ದರಿಂದ ಪ್ರತಿ ಬೀದಿಯ ವರ್ತಕರು ಮೊದಲು ತಮ್ಮ ಅಂಗಡಿಯ ಮುಂಭಾಗವನ್ನು ತೆರವುಗೊಳಿಸಿ, ಅನಂತರ ಅಪಘಾತ ಸಂಭವಿಸುವ ಸ್ಥಳಗಳ ಪಟ್ಟಿಯೊಡನೆ ನಗರಾಡಳಿತಕ್ಕೂ ಸಂಚಾರ ಪೊಲೀಸರಿಗೂ ಲಿಖಿತ ಮನವಿ ಸಲ್ಲಿಸುವುದು ಸೂಕ್ತ. ವಿಮೆಯಿಂದ ಪರಿಹಾರದ ಹಣ ದೊರೆತೀತು. ಹೋದ ಜೀವವು ಯಾವ ಲೆಕ್ಕಪತ್ರದಲ್ಲಿಯೂ ಮರಳಿ ಜಮೆಯಾಗದು.