ಸಿಂಪಿಯ ಮೇಲೆ ಕಾನೂನಿನ ಕಣ್ಣು

1894ರ ಅಕ್ಟೋಬರ್ ತಿಂಗಳು. ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಮಿಡಲ್‌ಟೌನ್ ಪಟ್ಟಣದಲ್ಲಿರುವ ವೆಸ್ಲಿಯನ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿ ಸಂಘಗಳ ಔತಣಗಳು ನಡೆದವು. ಕೆಲವು ದಿನಗಳ ತರುವಾಯ ಒಬ್ಬೊಬ್ಬರಾಗಿ ಇಪ್ಪತ್ತಕ್ಕೂ ಹೆಚ್ಚು ಮಂದಿ ವಿಷಮಶೀತಜ್ವರದಿಂದ ಹಾಸಿಗೆ ಹಿಡಿದರು, ನಾಲ್ವರು ತೀರಿಕೊಂಡರು. ಅಲ್ಲಿಯ ಜೀವಶಾಸ್ತ್ರದ ಪ್ರಾಧ್ಯಾಪಕರಾದ ಎಚ್. ಡಬ್ಲ್ಯು. ಕಾನ್ ಅವರು ಇದರ ಕಾರಣವನ್ನು ಅರಸಹೊರಟರು. ಕುಡಿಯುವ ನೀರಿನಲ್ಲಿ ದೋಷ ಕಾಣಲಿಲ್ಲ. ಔತಣದಲ್ಲಿ ಹಸಿಯಾಗಿಯೇ ತಿಂದಿದ್ದ ಸಿಂಪಿಗಳ ಜಾಡು ಹಿಡಿದಾಗ ಅದು ಅವರನ್ನು ಫೇರ್ ಹೇವನ್ ಎಂಬಲ್ಲಿಯ ನದೀಮುಖಕ್ಕೆ ಕರೆದೊಯ್ಯಿತು. ಮಾರುವ ಮುನ್ನ ಸಿಂಪಿಗಳನ್ನು ಅಲ್ಲಿ ಇರಿಸಿದ್ದರು. ಹತ್ತಿರದ ಮನೆಯೊಂದರ ಕೊಳಚೆ ಅದೇ ನೀರಿಗೆ ಬೀಳುತ್ತಿತ್ತು. ಆ ಮನೆಯಲ್ಲಿ ಅದೇ ಜ್ವರದ ರೋಗಿಗಳಿದ್ದರು!

ಸಿಂಪಿಯು ನೀರನ್ನು ಸೋಸಿ, ಅದರಲ್ಲಿ ತೇಲುವ ಸೂಕ್ಷ್ಮ ಕಣಗಳನ್ನು ತಿಂದು ಬದುಕುವ ಪ್ರಾಣಿ. ಬೆಳೆದ ಸಿಂಪಿಯೊಂದು ದಿನಕ್ಕೆ 100 ಲೀಟರಿಗೂ ಮಿಕ್ಕಿದ ನೀರನ್ನು ಸೋಸಬಲ್ಲದು. ನೀರಿನಲ್ಲಿ ರೋಗಾಣುಗಳಿದ್ದರೆ ಅವೂ ಅದರ ಒಡಲನ್ನು ಸೇರುತ್ತವೆ. ಸಾಲದುದಕ್ಕೆ ವರ್ತಕರ ಚಾತುರ್ಯ ಬೇರೆ. ಉಪ್ಪುನೀರಿನಿಂದ ತೆಗೆದ ಸಿಂಪಿಗಳನ್ನು ನದಿಯ ಸಿಹಿನೀರಿನಲ್ಲಿಟ್ಟರೆ ಅವು ನೀರು ಹೀರಿ ಉಬ್ಬುತ್ತವೆ. ಕೊಳ್ಳುವವನ ಕಣ್ಣಿಗೆ ಕೊಬ್ಬಿದಂತೆ ತೋರುತ್ತವೆ. ಊರಿನ ಕೊಳಚೆ ಬಂದು ಸೇರುತ್ತಿದ್ದುದೂ ಬಹುಮಟ್ಟಿಗೆ ಇಂತಹ ನದೀಮುಖಗಳನ್ನೇ.

1906ರ ಜೂನ್ 30ರಂದು ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಅವರು ಶುದ್ಧ ಆಹಾರ ಮತ್ತು ಔಷಧ ಕಾಯಿದೆಗೆ ಅಂಕಿತ ಹಾಕಿದರು. ಅದರ ಜಾರಿಯ ಹೊಣೆ ಹಾರ್ವಿ ವೈಲಿ ಅವರು ಮುಖ್ಯಸ್ಥರಾಗಿದ್ದ, ಕೃಷಿ ಇಲಾಖೆಯ ರಸಾಯನಶಾಸ್ತ್ರ ವಿಭಾಗಕ್ಕೆ ಬಂದಿತು. ಮಲಿನ ನೀರಿನಿಂದ ತೆಗೆದ ಅಥವಾ ಅದರಲ್ಲಿ ನೆನೆಯಿಟ್ಟ ಸಿಂಪಿಗಳನ್ನು ಒಂದು ಸಂಸ್ಥಾನದಿಂದ ಮತ್ತೊಂದಕ್ಕೆ ಸಾಗಿಸುವುದು ಕಾಯಿದೆಗೆ ವಿರುದ್ಧವೆಂದು 1909ರಲ್ಲಿ ಸಾರಲಾಯಿತು. ಆದರೆ ಸಂಸ್ಥಾನದ ಗಡಿ ದಾಟದ ಸರಕಿನ ಮೇಲೆ ಈ ಕಾಯಿದೆಗೆ ಅಧಿಕಾರವಿರಲಿಲ್ಲ. ಅಧಿಕಾರಿಗಳು ಸಿಂಪಿಯ ಪೀಪಾಯಿಯನ್ನು ಹಿಡಿಯಬಹುದಾಗಿತ್ತು, ಕೊಳಚೆಯನ್ನು ತಡೆಯುವಂತಿರಲಿಲ್ಲ. ಮೇಲಾಗಿ, ರೋಗಾಣು ಹೊತ್ತ ಸಿಂಪಿಯು ನೋಟಕ್ಕೂ ರುಚಿಗೂ ಒಳ್ಳೆಯ ಸಿಂಪಿಯಂತೆಯೇ ಇರುತ್ತದೆ.

ಈ ಕೊರತೆಗೆ ತೆತ್ತ ಬೆಲೆ ದೊಡ್ಡದು. 1924–25ರ ಚಳಿಗಾಲದಲ್ಲಿ ನ್ಯೂಯಾರ್ಕ್, ಷಿಕಾಗೊ, ವಾಷಿಂಗ್ಟನ್ ಮೊದಲಾದ ನಗರಗಳಲ್ಲಿ ಸಿಂಪಿಗಳಿಂದ ಹರಡಿದ ವಿಷಮಶೀತಜ್ವರಕ್ಕೆ ಸುಮಾರು 1,500 ಮಂದಿ ತುತ್ತಾದರು. ಸುಮಾರು 150 ಮಂದಿ ಮಡಿದರು. ಜನರು ಸಿಂಪಿಯನ್ನು ಮುಟ್ಟಲೂ ಅಂಜಿದರು. ವ್ಯಾಪಾರ ಕುಸಿಯಿತು. ಆಗ ವರ್ತಕರೇ ಸರ್ಕಾರದ ಮೊರೆಹೊಕ್ಕರು. 1925ರ ಫೆಬ್ರವರಿಯಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಸಭೆಯ ಫಲವಾಗಿ ತಪಾಸಣೆಯು ಪೇಟೆಯಿಂದ ಸಿಂಪಿ ಬೆಳೆಯುವ ನೀರಿಗೇ ಇಳಿಯಿತು. ಸಂಸ್ಥಾನಗಳು ಆ ನೀರನ್ನು ಪರೀಕ್ಷಿಸಿ, ಅರ್ಹ ವರ್ತಕರಿಗೆ ಪ್ರಮಾಣಪತ್ರ ನೀಡತೊಡಗಿದವು. ಕೇಂದ್ರದ ಆರೋಗ್ಯ ಇಲಾಖೆಯು ಅವುಗಳ ಕೆಲಸದ ಮೇಲೆ ಕಣ್ಣಿಟ್ಟಿತು.