ಕಬ್ಬಿಣದ ಕೊಟ್ಟಿಗೆ ನಿಲ್ಲಿಸುವಾಗ ಎಚ್ಚರಿಕೆ



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಹೆಂಚಿನ ಕೊಟ್ಟಿಗೆ ತೆಗೆದು ಕಬ್ಬಿಣದ ಕಂಬ, ಶೀಟಿನ ಕೊಟ್ಟಿಗೆ ಕಟ್ಟಿಸುವವರು ಈ ಅಂಶಗಳನ್ನು ಗಮನಿಸಬೇಕು.

1. ಮೊದಲು ತಲೆಯೆತ್ತಿ ನೋಡಿ. ಮೇಲೆ ವಿದ್ಯುತ್ ತಂತಿ ಹಾದಿದ್ದರೆ ಅಲ್ಲಿ ಕಂಬ ಎತ್ತಲೇಬೇಡಿ.

2. ಕೊಟ್ಟಿಗೆಯ ಉದ್ದ ಪೂರ್ವ-ಪಶ್ಚಿಮವಾಗಿರಲಿ. ಒಳಗೆ ಬಿಸಿಲು ಕಡಿಮೆ ಬೀಳುತ್ತದೆ.

3. ಬುಡದ ಕಾಂಕ್ರೀಟಿಗೆ ಕನಿಷ್ಠ 7 ದಿನ ನೀರು ಹಾಕಿ, ಗಟ್ಟಿಯಾದ ಮೇಲೆಯೇ ಕಂಬ ನಿಲ್ಲಿಸಿ.

4. ತೂಗುಗುಂಡು ಹಿಡಿದು ಕಂಬವನ್ನು ನೇರ ಮಾಡಿ, ನಾಲ್ಕೂ ಕಡೆ ಹಗ್ಗ ಬಿಗಿಯಿರಿ. ಅಡ್ಡಪಟ್ಟಿಗಳನ್ನು ಕೂಡಿಸುವವರೆಗೆ ಹಗ್ಗ ಬಿಚ್ಚಬೇಡಿ. ಎತ್ತುತ್ತಿರುವ ಕಬ್ಬಿಣದ ಕೆಳಗೆ ಯಾರೂ ನಿಲ್ಲಬಾರದು. ಗಾಳಿ ಜೋರಿರುವಾಗ ಶೀಟು ಏರಿಸಬೇಡಿ.

5. ವೆಲ್ಡಿಂಗ್ ಕಿಡಿ ಹಾರುತ್ತದೆ. ರಾಸುಗಳನ್ನೂ ಹುಲ್ಲಿನ ಮೆದೆಯನ್ನೂ ದೂರವಿಡಿ.

6. ಕೆಲಸ ಮುಗಿದ ಸಂಜೆ ಅಯಸ್ಕಾಂತ ಆಡಿಸಿ ತಂತಿ ಚೂರು, ಮೊಳೆಗಳನ್ನು ಆರಿಸಿ ತೆಗೆಯಿರಿ. ಹಸು ಮೇವನ್ನು ಸರಿಯಾಗಿ ಅಗಿಯದೆ ನುಂಗುತ್ತದೆ. ಒಳಹೋದ ಚೂರು ಹೊಟ್ಟೆಯ ಎರಡನೆಯ ಕೋಣೆಯಲ್ಲಿ ನಿಂತು, ಮುಂದಿರುವ ಹೃದಯಕ್ಕೇ ಚುಚ್ಚಬಹುದು.

ಹಸು ಮೇವು ಬಿಟ್ಟು, ಹಾಲು ದಿಢೀರನೆ ಇಳಿದು, ಬೆನ್ನು ಬಾಗಿಸಿ ನಿಂತರೆ ಕೂಡಲೇ ಪಶುವೈದ್ಯರಿಗೆ ತಿಳಿಸಿ. ಹೃದಯಕ್ಕೆ ಚುಚ್ಚಿದ ಮೇಲೆ ರಾಸು ಉಳಿಯುವುದು ಅಪರೂಪ. ಹೊಸ ಕೊಟ್ಟಿಗೆ ಹಸುವಿಗೆ ನೆರಳಾಗಲಿ, ಕುತ್ತಾಗದಿರಲಿ.